ಮನಿ, ಮನಿ

ಬೆಳಗಾವಿಯ ಆರೈಕೆ ಕೇಂದ್ರದಲ್ಲಿದ್ದ 10 ವಾರಗಳಲ್ಲಿ ಅಪ್ಪನ ಬಾಯಿಂದ ಬಂದ ಮಾತು ಒಂದೇ ಒಂದು: ‘ಮನಿ’. ಬೆಳಿಗ್ಗೆ ಮುಖ ಒರೆಸಲು ಬಂದ ಆಯಾಳಿಗೆ ‘ಮನಿ’, ಕೈಕಾಲು ಆಡಿಸಲು ಬಂದ ಫಿಜಿಯೋಥೆರಪಿ ಹುಡುಗನಿಗೆ ‘ಮನಿ ಮನಿ’, ಸಂಜೆ ಕಾಲೇಜು ಮುಗಿಸಿಕೊಂಡು ಹೋದ ನನಗೆ, ಎಡಗೈಯಿಂದ ನನ್ನ ಸೆರಗನ್ನು ಬಿಗಿಯಾಗಿ ಹಿಡಿದು, ‘ಮನಿ’. ಕೇಳಿದವರ ಕಣ್ಣು ಒದ್ದೆಯಾಗುತ್ತಿದ್ದವು. ‘ಅಜ್ಜಾರಿಗೆ ಮನಿ ಹಂಬಲ ಹತ್ತೇತ್ರಿ ಅಕ್ಕಾರ, ಲಗೂನ ಕರಕೊಂಡು ಹೋಗ್ರಿ’ ಎಂದು ಗೋಕಾಕದ ಕಡೆಯ ಆ ಆಯಾ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಪುಣೆಯಲ್ಲಿರುವ ತಮ್ಮ ವಿಡಿಯೋ ಕರೆಯಲ್ಲಿ ಅದನ್ನು ಕೇಳಿಸಿಕೊಂಡು, ಆಮೇಲೆ ನನಗೊಬ್ಬಳಿಗೇ ಫೋನ್ ಮಾಡಿ, ‘ಅಕ್ಕಾ, ಎಷ್ಟ ರೊಕ್ಕಾ ಹೋಗಲಿ, ಮನಿಗೆ ಒಯ್ಯೂಣು’ ಅನ್ನುತ್ತಿದ್ದ.

ಅಪ್ಪನಿಗೆ ಲಕ್ವಾ ಹೊಡೆದದ್ದು ಕಳೆದ ನವೆಂಬರಿನ ಒಂದು ನಸುಕಿನಲ್ಲಿ, ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ. ರಾತ್ರಿ 10ಕ್ಕೆ ಚೆನ್ನಾಗಿಯೇ ಮಲಗಿದವನನ್ನು ಬೆಳಿಗ್ಗೆ 6ಕ್ಕೆ ಅವ್ವ ಎಬ್ಬಿಸಿದರೆ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗೈ ಬಲಗಾಲು ಅವನವೇ ಅಲ್ಲವೇನೋ ಎಂಬಂತೆ ಬಿದ್ದಿದ್ದವು. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆ ತಾಸುಗಳನ್ನು ಎಣಿಸುವುದು ರೋಗಿ ಸರಿಯಿದ್ದುದನ್ನು ಕೊನೆಯದಾಗಿ ಕಂಡ ಹೊತ್ತಿನಿಂದ. ನಿದ್ದೆಯಲ್ಲಿ ಲಕ್ವಾ ಹೊಡೆದವರಿಗೆ ಆ ಹೊತ್ತು ಎಂದರೆ ಮಲಗಿದ ಹೊತ್ತು. ಎಂಟು ತಾಸು ಆಗಿಹೋಗಿತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಸೋಲುತ್ತದೆ, ಬಹಳ ಜನರಲ್ಲಿ ಮಾತಿನ ನೆಲೆಯೂ ಎಡಭಾಗದಲ್ಲೇ ಇರುವುದರಿಂದ ಮಾತೂ ಹೋಗುತ್ತದೆ ಎಂಬುದನ್ನು ನಾನು ಅಂದು ಮೊದಲ ಸಲ ಕೇಳಿದೆ. 14 ದಿನ ಆಸ್ಪತ್ರೆಯಾದ ಮೇಲೆ, ಮೊದಲ ಮೂರು ತಿಂಗಳು ಮಿದುಳು ಚೇತರಿಸಿಕೊಳ್ಳುವುದರಲ್ಲಿ ಹೆಚ್ಚು ಚುರುಕಾಗಿರುತ್ತದೆ, ಆ ದಿನಗಳನ್ನು ಮಂಚದ ಮೇಲೆ ಕಳೆಯಬೇಡಿ ಎಂದು ವೈದ್ಯರು ಹೇಳಿದ ಮಾತಿಗೆ, ನಾನು ಕೆಲಸ ಮಾಡುವ ಬೆಳಗಾವಿಗೇ ಅವನನ್ನು ಕರೆತಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಅವನನ್ನು ಅಲ್ಲಿ ಬಿಟ್ಟ ದಿನ ರಾತ್ರಿ ನಾನು ಎರಡು ವಾರಗಳ ನಂತರ ಮೊದಲ ಬಾರಿಗೆ ಬೆಳಗಾಗುವವರೆಗೆ ನಿದ್ದೆ ಮಾಡಿದೆ. ‘ಹಡದವರನ್ನ ಹಂಗ ಮಂದಿ ಕೈಯಾಗ ಬಿಡಬಾರದವಾ’ ಎಂದ ನೆಂಟರ ಪೈಕಿ ಒಬ್ಬರೂ ಎರಡು ತಾಸಿಗೊಮ್ಮೆ ಎದ್ದು, ಬೆನ್ನು ಹುಣ್ಣಾಗದಂತೆ 68 ಕಿಲೋ ತೂಕದ ಮನುಷ್ಯನ ಮಗ್ಗುಲು ಬದಲಿಸಿದವರಲ್ಲ. ಬಿದ್ದ ಕೈಗೆ ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ಏಳುತ್ತದೆ ಎಂದು ಹೇಳಿ, ಪಾರಿವಾಳ ಎಲ್ಲಿ ಸಿಗುತ್ತದೆ ಎಂಬುದನ್ನೂ ತಿಳಿಸಿದವರು ಅವರೇ. ಕೇಂದ್ರದಲ್ಲಿ ಅಪ್ಪ ಮೊದಲು ಕೂರುವುದನ್ನು ಕಲಿತ, ಆಮೇಲೆ ನಿಲ್ಲುವುದನ್ನು, ಕೊನೆಗೆ ಎರಡು ಸರಳುಗಳ ನಡುವೆ 40 ಹೆಜ್ಜೆ ಹಾಕುವುದನ್ನು. ಅಂಗಿಗೆ ಮೊದಲು ಸೋತ ಕೈ, ಆಮೇಲೆ ಗಟ್ಟಿ ಕೈ. ಬಿಚ್ಚುವಾಗ ಮೊದಲು ಗಟ್ಟಿ ಕೈ. ಪಾವಟಿಗೆ ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಸೋತ ಕಾಲು ಮುಂದೆ. ಇವನ್ನೆಲ್ಲ 71ನೆಯ ವಯಸ್ಸಿನಲ್ಲಿ ಶಾಲೆಗೆ ಹೋದವನಂತೆ ಕಲಿತ. ಅವನನ್ನು ಅಲ್ಲಿಟ್ಟದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಆದರೆ ಆ ‘ಮನಿ’ ಎಂದರೆ ಯಾವ ಮನೆ? ಅವ್ವನಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. ‘ನವನಗರದ್ದ ಅಲ್ಲವಾ, ಅವರು ಕೇಳೂದು ಹಳೇ ಮನಿ’ ಎಂದು ಅವಳು ಮೊದಲ ವಾರವೇ ತೀರ್ಮಾನ ಕೊಟ್ಟಿದ್ದಳು.

ಹಳೆಯ ಮನೆ ಇದ್ದದ್ದು ಹಳೆ ಬಾಗಲಕೋಟೆಯಲ್ಲಿ, ಘಟಪ್ರಭೆಗೆ ಹತ್ತಿರದ ಒಂದು ಓಣಿಯಲ್ಲಿ, ಮಣ್ಣಿನ ಮಾಳಿಗೆಯದ್ದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಅಪ್ಪನಿಗೆ 11 ವರ್ಷ. ಊರು ಮುಳುಗುತ್ತದಂತೆ ಎಂಬ ಮಾತನ್ನು ಕೇಳುತ್ತಲೇ ಅವನು ಸಾಲೆ ಕಲಿತ, 1974ರಲ್ಲಿ ಪೋಸ್ಟ್‌ಮನ್ ಆದ, ಮದುವೆಯಾದ, ನಮ್ಮಿಬ್ಬರನ್ನು ಸಾಕಿದ. ಇಷ್ಟು ವರ್ಷ ಮುಳುಗದ ಊರು ಇನ್ನೇನು ಮುಳುಗೀತು ಎಂದು ಜನ ನಗುವಷ್ಟು ಕಾಲ ಹಿಡಿದು, ಕೊನೆಗೆ ಹಿನ್ನೀರು ಬಂದೇ ಬಂದಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ಕಟ್ಟಿದ ನವನಗರದ ಒಂದು ಸೆಕ್ಟರಿಗೆ ನಾವು 2001ರಲ್ಲಿ ಬಂದೆವು. ಬರುವಾಗ ಎಲ್ಲರಂತೆ ನಾವೂ ತೊಲೆ, ಕಂಬ, ಬಾಗಿಲುಗಳನ್ನು ಬಿಚ್ಚಿಕೊಂಡು ಬಂದೆವು. ಅಪ್ಪ ತಲಬಾಗಿಲಿನ ಸಾಗವಾನಿ ಹೊಸ್ತಿಲನ್ನೂ ಬಿಡಿಸಿ ಟ್ರ್ಯಾಕ್ಟರಿಗೆ ಹೇರಿದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತಮ್ಮ ಮನೆಯ ಬುನಾದಿ ಹುಡುಕಿಕೊಂಡು ಹೋಗುವವರಿದ್ದಾರೆ. ಅಪ್ಪ ಒಮ್ಮೆಯೂ ಹೋಗಲಿಲ್ಲ, ಹೋದವರು ಮಾತು ತೆಗೆದರೆ ಎದ್ದು ಹಿತ್ತಲಿಗೆ ನಡೆಯುತ್ತಿದ್ದ. ಅವನು ಮಾಡಿದ್ದು ಒಂದೇ ಕೆಲಸ: ಬಂದ ವಾರವೇ 30–40 ಕಾರ್ಡು ತಂದು, ನಮ್ಮ ವಿಳಾಸ ಬದಲಾಗಿದೆ, ಪಿನ್ ಕೋಡನ್ನು ಸರಿಯಾಗಿ ಬರೆಯಿರಿ ಎಂದು ನೆಂಟರಿಗೆಲ್ಲ ಬರೆದು ಹಾಕಿದ. ಪಿನ್ ಕೋಡು ಅವನ ಪಾಲಿಗೆ ದೇವರ ನಾಮವಿದ್ದಂತೆ. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂದದ್ದು, ಮೊದಲ ಅಂಕಿ ವಲಯವನ್ನೂ ಮೊದಲ ಮೂರು ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಅಂಕಿಗಳು ಅಂಚೆ ಕಚೇರಿಯನ್ನೂ ಹೇಳುವುದು, ಇವೆಲ್ಲ ನಮಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿದ್ದವು.

ಇಂಥವನು ಮಾತು ಕಳೆದುಕೊಂಡು ‘ಮನಿ’ ಎಂದೊಂದನ್ನೇ ಉಳಿಸಿಕೊಂಡಿದ್ದಾನೆ ಎಂದರೆ ಅವ್ವನ ಅರ್ಥವನ್ನು ನಂಬದಿರುವುದು ಕಷ್ಟವಾಗಿತ್ತು. ನಾನೂ ನಂಬಿದೆ. ನಂಬಿ ಒಳಗೊಳಗೇ ಅದನ್ನು ಬರೆಯುವ ಯೋಚನೆಯನ್ನೂ ಮಾಡಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಆರನೆಯ ವಾರ ಮಾತಿನ ತರಬೇತಿ ಕೊಡುವ ಹುಡುಗಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪನಿಗೆ ಒಂದು ಲೋಟ ತೋರಿಸಿದಳು. ‘ಮನಿ’ ಎಂದ. ಬಾಚಣಿಕೆ ತೋರಿಸಿದಳು. ‘ಮನಿ’. ಎಲ್ಲಿ ನೋಯುತ್ತದೆ ಎಂದು ಕೇಳಿದರೆ ಬಲಭುಜ ಮುಟ್ಟಿಕೊಂಡು ‘ಮನಿ’. ಕೊನೆಗೆ ಮನೆಯ ಚಿತ್ರವನ್ನೇ ತೋರಿಸಿದಾಗ ತುಟಿ ಅಲ್ಲಾಡಿಸಿ, ತಡವರಿಸಿ, ಬೇಸರದಿಂದ ಮುಖ ತಿರುಗಿಸಿಬಿಟ್ಟ. ಇದು ನೆನಪೂ ಅಲ್ಲ, ಕೋರಿಕೆಯೂ ಅಲ್ಲ, ಬಾಯಿಗೆ ಸಿಕ್ಕಿಕೊಂಡ ಒಂದು ಶಬ್ದ ಎಂದು ಅವಳು ವಿವರಿಸಿದಳು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ ಒಬ್ಬ ರೋಗಿಯ ಬಾಯಲ್ಲಿ ‘ತಾಂ’ ಎಂಬ ಒಂದೇ ಉಲಿ ಉಳಿದಿತ್ತಂತೆ, ಅವನ ಹೆಸರೇ ತಾಂ ಎಂದಾಗಿಬಿಟ್ಟಿತ್ತಂತೆ. ಸತ್ತ ಮೇಲೆ ನೋಡಿದರೆ ಮಿದುಳಿನ ಎಡ ಮುಂಭಾಗ ಹಾಳಾಗಿತ್ತು. ಆ ಬಡಪಾಯಿಗೆ ತಾಂ ಎಂದರೆ ಏನೂ ಅಲ್ಲ, ಎಲ್ಲವೂ. ‘ಶಬ್ದ ಬಿಡ್ರಿ ಮೇಡಂ, ರಾಗ ಕೇಳ್ರಿ’ ಎಂದಳು ಹುಡುಗಿ. ಅಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಆರಂಭಿಸಿದೆ: ಕೊನೆಯಲ್ಲಿ ಏರಿದರೆ ಚಹಾ, ಕತ್ತರಿಸಿದಂತೆ ಎರಡು ಸಲ ಬಂದರೆ ಒಂದಕ್ಕೆ ಹೋಗಬೇಕು, ಮೂಗಿನಿಂದ ಉದ್ದಕ್ಕೆ ಎಳೆದರೆ ಭುಜ ನೋಯುತ್ತಿದೆ. ಅವಳು ಇನ್ನೂ ಒಂದು ವಿಷಯ ಹೇಳಿದಳು. ಎಣಿಕೆ, ವಾರದ ಹೆಸರು, ಪ್ರಾರ್ಥನೆಯಂಥ ಸಾಲಾಗಿ ಬರುವ ಮಾತುಗಳು ಇಂಥವರಲ್ಲಿ ಅನೇಕ ವೇಳೆ ಉಳಿದಿರುತ್ತವೆ. ಬಿಡಿಯಾಗಿ ‘ಗುರುವಾರ’ ಎನ್ನಲಾರದವರು ‘ಸೋಮವಾರ’ದಿಂದ ಹೊರಟರೆ ಅಲ್ಲಿಗೆ ಮುಟ್ಟುತ್ತಾರೆ.

ಇದನ್ನು ನಾನು ಅವ್ವನಿಗೆ ಹೇಳಲಿಲ್ಲ, ತಮ್ಮನಿಗೂ ಹೇಳಲಿಲ್ಲ. ಮನೆಗೆ ಒಯ್ಯುವ ತಯಾರಿ ಆ ಒಂದು ಮಾತಿನ ಬಲದ ಮೇಲೆ ನಡೆದಿತ್ತು. ತಮ್ಮ ರೊಕ್ಕ ಕಳಿಸಿದ್ದ, ಅವ್ವ ಬಾಗಲಕೋಟೆಯಲ್ಲಿ ಮನೆ ತೊಳೆಸಿ ಸುಣ್ಣ ಹೊಡೆಸಿದ್ದಳು.

ಜನವರಿಯಲ್ಲಿ ರಜೆ ಹಾಕಿ ನಾನೂ ಊರಿಗೆ ಹೋಗಿ ಟೇಪು ಹಿಡಿದು ಮನೆ ಅಳೆದೆ. 23 ವರ್ಷ ಓಡಾಡಿದ ಮನೆ ಗಾಲಿಕುರ್ಚಿಯ ಕಣ್ಣಿನಿಂದ ನೋಡಿದರೆ ಬೇರೆಯೇ ಆಗಿತ್ತು. ಬಚ್ಚಲಮನೆಯ ಬಾಗಿಲು 24 ಅಂಗುಲ, ಗಾಲಿಕುರ್ಚಿ 25 ಅಂಗುಲ. ಬಾಗಿಲನ್ನೇ ಚೌಕಟ್ಟು ಸಮೇತ ಕಿತ್ತು ಪರದೆ ಹಾಕಿದೆವು. ಸಂಡಾಸ ಹಳೆಯ ಕಾಲದ್ದು, ಕುಕ್ಕರಗಾಲಲ್ಲಿ ಕೂರುವಂಥದ್ದು. ಅದಕ್ಕೆ ಕಮೋಡ್ ಕುರ್ಚಿ ತಂದೆವು. ಮುಂದಿನ ಎರಡು ಪಾವಟಿಗೆಗಳು ತಲಾ 7 ಅಂಗುಲ. ಒಂದು ಅಂಗುಲ ಎತ್ತರಕ್ಕೆ 12 ಅಂಗುಲ ಉದ್ದ ಎಂಬುದು ಗಾಲಿಕುರ್ಚಿಯ ಇಳಿಜಾರಿನ ಲೆಕ್ಕ; ಅಂದರೆ 14 ಅಂಗುಲಕ್ಕೆ 14 ಅಡಿ. ಬಾಗಿಲಿನಿಂದ ಗೇಟಿಗೆ ಇದ್ದದ್ದು 9 ಅಡಿ. ‘ಇಷ್ಟ್ಯಾಕ ಉದ್ದ ಅಕ್ಕಾರ? ಮೋಟರ್‌ಸೈಕಲ್ ಹತ್ತೂ ಹಂಗ ಒಂದು ದಿನದಾಗ ಹೊಡದು ಕೊಡ್ತೀನಿ’ ಎಂದ ಗೌಂಡಿ. ಮೋಟರ್‌ಸೈಕಲ್ಲಿಗೆ ಎಂಜಿನ್ನು ಇರುತ್ತದೆ, 66 ವರ್ಷದ ನಮ್ಮ ಅವ್ವನಿಗೆ ಇಲ್ಲ ಎಂದು ಅವನಿಗೆ ತಿಳಿಹೇಳುವುದಕ್ಕಿಂತ ಖಾಲಿ ಗಾಲಿಕುರ್ಚಿಯಲ್ಲಿ ಅವನನ್ನೇ ಕೂರಿಸಿ, ಪಕ್ಕದ ಮನೆಯ ಕಡಿದಾದ ಇಳಿಜಾರಿನ ಮೇಲೆ ಅವ್ವನ ಕೈಯಿಂದ ತಳ್ಳಿಸಿದ್ದು ಸುಲಭವಾಯಿತು. ಅರ್ಧದಲ್ಲೇ ‘ಸಾಕ್ರಿ ಸಾಕ್ರಿ’ ಎಂದು ಇಳಿದ. ತುಳಸಿಕಟ್ಟೆಯನ್ನು ಬಳಸಿ ಒಂದು ತಿರುವು ಕೊಟ್ಟು 14 ಅಡಿ ಹೊಂದಿಸಿದ, ಮೇಲಿನ ಸಿಮೆಂಟು ಹಸಿಯಿರುವಾಗಲೇ ಕಸಬರಿಗೆಯಿಂದ ಗೆರೆ ಎಳೆದು ಜಾರದಂತೆಯೂ ಮಾಡಿದ.

ಉಳಿದದ್ದು ಹೊಸ್ತಿಲು. ಹಳೆಯ ಮನೆಯಿಂದ ಬಂದ ಅದೇ ಸಾಗವಾನಿ, ನಾಲ್ಕೂವರೆ ಅಂಗುಲ ಎತ್ತರ, ನಡುವೆ ತಲೆಮಾರುಗಳ ಅರಿಷಿಣ ಕುಳಿತು ಹಳದಿಗಟ್ಟಿದ್ದು. ತೆಗೆಸಿಬಿಡೋಣ ಎಂದೆ. ಅವ್ವ ಸಿಟ್ಟಿಗೇಳಲಿಲ್ಲ, ನಿಜವಾಗಿಯೂ ತಿಳಿಯದವಳಂತೆ ಕೇಳಿದಳು: ‘ಹೊಸ್ತಲಾ ತಗದ್ರ ಮನಿ ಎಲ್ಲಿಂದ ಸುರು ಆಗ್ತೈತವಾ?’ ಬಡಿಗೇರನನ್ನು ಕರೆಸಿ, ಹೊಸ್ತಿಲಿನ ಎರಡೂ ಬದಿಗೆ ಆನಿಸಿಡುವ ಎರಡು ಇಳಿಜಾರು ಹಲಗೆಗಳನ್ನು ಮಾಡಿಸಿದೆವು. ಈಗ ಪ್ರತಿದಿನ ಬೆಳಿಗ್ಗೆ ಅವ್ವ ಹಲಗೆಗಳನ್ನು ಎತ್ತಿ ಗೋಡೆಗೆ ಆನಿಸಿ, ಹೊಸ್ತಿಲು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಒಣಗಿದ ಮೇಲೆ ಹಲಗೆಗಳನ್ನು ಮತ್ತೆ ಅವುಗಳ ಜಾಗಕ್ಕೆ ಇಡುತ್ತಾಳೆ.

ಫೆಬ್ರುವರಿಯ ಮೊದಲ ವಾರ ಕರೆತಂದೆವು. ನೇಸರಗಿ, ಯರಗಟ್ಟಿ, ಲೋಕಾಪುರ, ಕಲಾದಗಿ. ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ, ಒಂದು ‘ಮನಿ’ಯೂ ಇಲ್ಲ. ನವನಗರದಲ್ಲಿ ಕಾರು ನಿಂತಾಗ ಮನೆಯ ಮುಂದೆ ಮೂವತ್ತು ಜನ. ಆರತಿ, ತೆಂಗಿನಕಾಯಿ, ಒಣಮೆಣಸಿನಕಾಯಿಯ ದೃಷ್ಟಿ, ಅದರ ಘಾಟಿಗೆ ಕೆಮ್ಮು. ಅಪ್ಪ ಬಿಕ್ಕಿಬಿಕ್ಕಿ ಅತ್ತ. ಮನೆ ಕಂಡ ಸಂತೋಷ ಎಂದು ಎಲ್ಲರೂ ಅತ್ತರು. ಕೇಂದ್ರದಲ್ಲಿ ಅವನು ಟಿವಿಯ ಜಾಹೀರಾತಿಗೂ ಹೀಗೆಯೇ ಅಳುತ್ತಿದ್ದ, ಒಮ್ಮೆ ಪಕ್ಕದ ಹಾಸಿಗೆಯವರು ಬಿದ್ದಾಗ ನಗು ತಡೆಯಲಾಗದೆ ನಕ್ಕಿದ್ದ; ಅಳು ನಗುವಿನ ಮೇಲಿನ ಹಿಡಿತವೂ ಲಕ್ವಾದಲ್ಲಿ ಸಡಿಲವಾಗುತ್ತದೆ. ಅದನ್ನು ಆ ಹೊತ್ತಿನಲ್ಲಿ ಯಾರಿಗೆ ಹೇಳುವುದು? ಅಷ್ಟರಲ್ಲಿ ಕಾಕಾ ಒಬ್ಬರು ಪ್ರೀತಿಯಿಂದ ಅಪ್ಪನ ಬಲಗೈ ಹಿಡಿದು ಎಬ್ಬಿಸಲು ಜಗ್ಗಿದರು, ನಾನು ಅವರ ಮೇಲೆ ಕಿರುಚಿದೆ. ಸೋತ ಕೈಯ ಸ್ನಾಯುಗಳು ಭುಜದ ಕೀಲನ್ನು ಹಿಡಿದಿಡುವುದಿಲ್ಲ, ಜಗ್ಗಿದರೆ ಕೀಲು ಸರಿದುಬಿಡುತ್ತದೆ; ಎಬ್ಬಿಸುವುದಿದ್ದರೆ ಸೊಂಟದ ಪಟ್ಟಿ ಹಿಡಿಯಬೇಕು. ಕಾಕಾ ಇವತ್ತಿಗೂ ನಮ್ಮ ಮನೆಯಲ್ಲಿ ಚಹಾ ಕುಡಿಯುವುದಿಲ್ಲ.

ಮೂರನೆಯ ರಾತ್ರಿ ಅಪ್ಪ ಬಿದ್ದ. ಕೇಂದ್ರದಲ್ಲಿ 10 ವಾರ ಒಮ್ಮೆಯೂ ಬೀಳದವನು, ತನ್ನ ಮನೆಯಲ್ಲಿ, ಇಪ್ಪತ್ತು ವರ್ಷ ಮಲಗಿದ ಮಂಚದಿಂದ ಬಿದ್ದ. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟೇನೂ ಆಗಲಿಲ್ಲ, ಆದರೆ ಅವನನ್ನು ನೆಲದಿಂದ ಎಬ್ಬಿಸುವಷ್ಟರಲ್ಲಿ ನಾನು ಅವ್ವ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದೆವು. ಯಾಕೆ ಬಿದ್ದ ಎಂಬುದು ಮರುದಿನ ಮಧ್ಯಾಹ್ನ ಆ ಮಂಚದ ಮೇಲೆ ನಾನೇ ಮಲಗಿ ನೋಡಿದಾಗ ಹೊಳೆಯಿತು. ಕೇಂದ್ರದಲ್ಲಿ ಅವನನ್ನು ಎಡಗಡೆಯಿಂದ, ಅಂದರೆ ಗಟ್ಟಿ ಮಗ್ಗುಲಿನಿಂದ ಏಳುವುದಕ್ಕೆ ಪಳಗಿಸಿದ್ದರು. ನಮ್ಮ ಮನೆಯಲ್ಲಿ ಮಂಚ ಪಡುವಣ ಗೋಡೆಗೆ ಹತ್ತಿತ್ತು, ತಲೆ ತೆಂಕಣಕ್ಕೆ. ಎಡಗಡೆ ಗೋಡೆ, ಇಳಿಯಬೇಕಾದದ್ದು ಬಲಗಡೆ. ನಿದ್ದೆಗಣ್ಣಿನಲ್ಲಿ ಎದ್ದವನು ಎಡಕ್ಕೆ ಹೊರಳಿ ಗೋಡೆಗೆ ತಾಗಿ, ಆಮೇಲೆ ಬಲಕ್ಕೆ ಹೊರಳಿ, ಇಲ್ಲದ ಕಾಲನ್ನು ಊರಿದ್ದಾನೆ. ಮಂಚವನ್ನು ತಿರುಗಿಸಿಬಿಡೋಣ ಎಂದರೆ ತಲೆ ಬಡಗಣಕ್ಕೆ ಬರುತ್ತದೆ. ‘ಬಡಗಣ ತಲಿ ಹಾಕಿ ಮಲಗಸೂದು ಯಾರನ್ನ ಅಂತ ಗೊತ್ತೈತೇನು ನಿನಗ?’ ಎಂದಳು ಅವ್ವ. ಆ ಮಾತಿಗೆ ಎದುರಾಡುವ ಧೈರ್ಯ ನನಗಿರಲಿಲ್ಲ. ಮೂಡಣ ಗೋಡೆಗೆ ಸರಿಸಿದರೆ ತಲೆ ತೆಂಕಣಕ್ಕೇ ಉಳಿದು, ಗೋಡೆ ಬಲಕ್ಕೆ ಬರುತ್ತದೆ. ಆದರೆ ಮೂಡಣ ಗೋಡೆಗೆ ಇದ್ದದ್ದು ಅವ್ವನ ತವರಿನವರು ಕೊಟ್ಟ ಕಬ್ಬಿಣದ ತಿಜೋರಿ. ಅದನ್ನು ಖಾಲಿ ಮಾಡಿ, ಓಣಿಯ ನಾಲ್ಕು ಹುಡುಗರಿಂದ ಎತ್ತಿಸಿ, ಪಡಸಾಲೆಗೆ ಸಾಗಿಸಲು ಅರ್ಧ ದಿನ ಹಿಡಿಯಿತು. ತಿಜೋರಿಯ ಹಿಂದೆ ಸಿಕ್ಕಿದ್ದು ಎರಡು ಚಮಚ, ಒಂದು ಮದುವೆಯ ಕರೆಯೋಲೆ ಮತ್ತು ಅಪ್ಪ ವರ್ಷಗಳ ಹಿಂದೆ ಕಳೆದುಕೊಂಡು ಇಡೀ ಮನೆಯ ಮೇಲೆ ಹರಿಹಾಯ್ದಿದ್ದ ಪೆನ್ನು. ಮಂಚದ ಎಡಗಡೆ ದೇವರ ಮನೆಯ ಸಣ್ಣ ಗಂಟೆಯನ್ನು ಇಟ್ಟೆವು, ಕರೆಯಲು. ಅಂದಿನಿಂದ ಅವನು ಬಿದ್ದಿಲ್ಲ.

ಊಟದ ವಿಷಯದಲ್ಲಿ ಅವ್ವನನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು, ಯಾಕೆಂದರೆ ಅದು ತಿಳಿವಳಿಕೆಗೆ ವಿರುದ್ಧವಾಗಿ ಕಾಣುತ್ತದೆ. ಗಂಟಲು ಸೋತವರಿಗೆ ತೆಳ್ಳಗಿನದೇ ಅಪಾಯ. ನೀರು, ತಿಳಿ ಗಂಜಿ, ಚಹಾ ಸರ್ರನೆ ಜಾರಿ ಶ್ವಾಸನಾಳಕ್ಕೆ ಹೋಗುತ್ತವೆ, ಅಲ್ಲಿಂದ ನ್ಯುಮೋನಿಯಾ. ಮಂದವಾದದ್ದನ್ನು ಗಂಟಲು ಸಾವಕಾಶವಾಗಿ ನಿಭಾಯಿಸುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಎದೆಯ ಕಡೆಗೆ ಬಾಗಿಸಿ, ಅರ್ಧ ಚಮಚ, ನುಂಗಿದ್ದನ್ನು ನೋಡಿಕೊಂಡು ಮತ್ತರ್ಧ. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಜೋಳದ ನುಚ್ಚು ಮಜ್ಜಿಗೆಯಲ್ಲಿ ಹದವಾಗಿ ಕಲಸಿದ್ದು ಕೇಂದ್ರದವರು ಹೇಳಿದ ಮಂದಕ್ಕೆ ಸರಿಯಾಗಿ ಹೊಂದಿತು. ಕಡಕ್ ರೊಟ್ಟಿಯ ಪುಡಿ ಮಾತ್ರ ಗಂಟಲಿಗೆ ಶತ್ರು. ರೊಟ್ಟಿಯಿಲ್ಲದ ಊಟ ಅಪ್ಪನ ಲೆಕ್ಕದಲ್ಲಿ ಊಟವೇ ಅಲ್ಲವಾದ್ದರಿಂದ, ಒಂದು ತಿಂಗಳ ನಂತರ ಗಂಟಲು ಸುಧಾರಿಸಿದೆ ಎಂದು ತಜ್ಞರು ಹೇಳಿದ ಮೇಲೆ, ಅವ್ವ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿಯೊಂದಿಗೆ ಕುಟ್ಟಿ, ಖಾರ ಬಿಟ್ಟು, ತುಪ್ಪ ಮತ್ತು ಬೇಳೆಕಟ್ಟಿನಲ್ಲಿ ನೆನೆಸಿ ಮುಟಗಿ ಮಾಡಿ ಕೊಟ್ಟಳು. ಅಪ್ಪ ಮೂರು ಚಮಚ ತಿಂದು ಜೋರಾಗಿ ‘ಮನಿ’ ಎಂದ. ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಹಾಕಿದ್ದೆವು.

ಇದೇ ಅವ್ವನನ್ನು ಒಳಗೊಳಗೇ ತಿನ್ನುತ್ತಿತ್ತು. ಬೆಳಗಾವಿಯಲ್ಲಿ ‘ಮನಿ’ ಎಂದವನು ಮನೆಗೆ ಬಂದ ಮೇಲೂ ದಿನವಿಡೀ ‘ಮನಿ’ ಅನ್ನುತ್ತಿದ್ದ. ನೋಡಲು ಬಂದವರು, ‘ಮನ್ಯಾಗ ಕುಂತು ಮನಿ ಅಂತಾರಲ್ಲ, ಪಾಪ’ ಎಂದು ಅವಳ ಮುಖ ನೋಡುತ್ತಿದ್ದರು. ಒಂದು ಮಧ್ಯಾಹ್ನ ಅವಳು ಕಾಳು ಹಸನು ಮಾಡುತ್ತಾ ಕೂತವಳು ಮೊರವನ್ನು ಪಕ್ಕಕ್ಕಿಟ್ಟು, ‘ನಾ ಏನು ಕಡಿಮಿ ಮಾಡೇನಿ ಅವರಿಗೆ?’ ಎಂದು ಕೇಳಿದಳು. ಆಗ ಹೇಳಿದೆ. ಬ್ರೋಕಾನ ರೋಗಿಯ ಕತೆ, ಲೋಟ, ಬಾಚಣಿಕೆ, ರಾಗದ ನೋಟ್‌ಬುಕ್ಕು, ಎಲ್ಲವನ್ನೂ, ಆರು ವಾರ ಮುಚ್ಚಿಟ್ಟದ್ದನ್ನೂ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೊರವನ್ನು ಮತ್ತೆ ತೊಡೆಯ ಮೇಲೆಳೆದುಕೊಂಡಳು. ‘ಉಪ್ಪ ಕಡಿಮಿ ಆದಾಗ ಅನ್ನೂ ಮನಿ ಬ್ಯಾರೆ, ಒಂದಕ್ಕ ಬಂದಾಗ ಅನ್ನೂ ಮನಿ ಬ್ಯಾರೆ. ಅದು ನನಗ ಎಂದೋ ಗೊತ್ತಾಗೇತಿ’ ಎಂದಳು. ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲದ ನಾಲ್ಕು ರಾಗಗಳನ್ನು ಅವಳು ಹೇಳಿ ತೋರಿಸಿದಳು. ಕೊನೆಗೆ, ‘ಆದ್ರ ನಡುರಾತ್ರಿ ಎಚ್ಚರಾದಾಗ ಒಂದ ಸಲ ಮೆಲ್ಲಕ ಅಂತಾರಲ್ಲ, ಅದು ಮಾತ್ರ ಮನೀನ’ ಎಂದಳು. ಅದರ ಬಗ್ಗೆ ನಾನು ವಾದಿಸಲಿಲ್ಲ. ನಡುರಾತ್ರಿ ಆ ಕೋಣೆಯಲ್ಲಿ ಇರುವವಳು ಅವಳು.

ಲಕ್ವಾ ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ ಎಂದು ಮೊದಲೇ ಎಚ್ಚರಿಸಿದ್ದರು, ನಮ್ಮ ಪಾಲಿಗೆ ಅದು ಬಂದದ್ದು ಮನೆಗೆ ಬಂದ ನಾಲ್ಕನೆಯ ವಾರ. ಕೇಂದ್ರದಲ್ಲಿ ಎಲ್ಲರೂ ಅವನಂತೆಯೇ ಇದ್ದರು. ಇಲ್ಲಿ ಅವನೊಬ್ಬನೇ ಹಾಗಿದ್ದ. ಬೆಳಿಗ್ಗೆ ಗಾಲಿಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂರುತ್ತಿದ್ದ, 40 ಹೆಜ್ಜೆ ಹೋಗಿ 6 ಹೆಜ್ಜೆಗೆ ಇಳಿಯಿತು. ಗುಳಿಗೆ ಬರೆಸಿಕೊಂಡು ಬಂದೆವು. ಅದರ ಪರಿಣಾಮ ಶುರುವಾಗುವ ಹೊತ್ತಿಗೆ ಹೋಳಿ ಬಂದಿತು.

ಬಾಗಲಕೋಟೆಯ ಹೋಳಿಯನ್ನು ಕಂಡವರಿಗೆ ಹಲಗೆಯ ಸದ್ದನ್ನು ವಿವರಿಸಬೇಕಾಗಿಲ್ಲ, ಕಾಣದವರಿಗೆ ವಿವರಿಸಿ ಪ್ರಯೋಜನವಿಲ್ಲ. ನವನಗರದ ನಮ್ಮ ಓಣಿಯ ಹುಡುಗರು ಸಂಜೆ ಹಲಗೆ ಕಾಯಿಸಿ ಬಾರಿಸಲು ತೊಡಗಿದಾಗ ಅಪ್ಪನ ಎಡಗೈ ಕುರ್ಚಿಯ ತೋಳಿನ ಮೇಲೆ ತಾನಾಗಿ ಆಡತೊಡಗಿತು. ವಯಸ್ಸಿನಲ್ಲಿ ಅವನು ಒಳ್ಳೆಯ ಹಲಗೆ ಬಾರಿಸುತ್ತಿದ್ದನಂತೆ. ನಡಿಗೆ ಕಲಿಸುವಾಗ ತಾಳದ ಆಸರೆ ಕೊಡುವುದು ಫಿಜಿಯೋಥೆರಪಿಯ ಒಂದು ಕ್ರಮವೇ. ಕೇಂದ್ರದಲ್ಲಿ ಆ ಹುಡುಗ ಚಪ್ಪಾಳೆ ತಟ್ಟುತ್ತಿದ್ದ. ನಾನು ಅಪ್ಪನ ಸೊಂಟದ ಪಟ್ಟಿ ಹಿಡಿದು ಎಬ್ಬಿಸಿದೆ. ಹಲಗೆಯ ಪೆಟ್ಟಿಗೆ ಸರಿಯಾಗಿ, ಎಡಕಾಲು, ಎಳೆದುಕೊಂಡು ಬಲಗಾಲು, ಪಡಸಾಲೆಯ ಈ ತುದಿಯಿಂದ ತಿಜೋರಿಯವರೆಗೆ ಹೋದ. ಕುರ್ಚಿಗೆ ಮರಳಿದ ಮೇಲೆ ಅವ್ವ, ಹಳೆ ಊರಿನಲ್ಲಿ ಯಾವ ಯಾವ ಓಣಿಯವರು ಬಣ್ಣದ ಬಂಡಿ ಹೂಡುತ್ತಿದ್ದರು ಎಂದು ನನಗೆ ಹೇಳುತ್ತಾ ‘ಕಿಲ್ಲಾ, ಹಳಪೇಟಿ’ ಎಂದು ಸುಮ್ಮನಾದಳು, ನೆನಪಾಗಲಿಲ್ಲವೋ, ಬೇಕೆಂದೇ ನಿಲ್ಲಿಸಿದಳೋ. ‘ಹೊಸಪೇಟಿ, ಜೈನಪೇಟಿ, ವೆಂಕಟಪೇಟಿ’ ಎಂದು ಅಪ್ಪ ಸಾಲನ್ನು ಮುಗಿಸಿದ. ಮುಗಿಸಿದ ಮೇಲೆ ತನಗೇ ಗಾಬರಿಯಾದವನಂತೆ ನಮ್ಮಿಬ್ಬರನ್ನೂ ನೋಡಿದ. ಬಿಡಿಯಾಗಿ ಮತ್ತೊಮ್ಮೆ ‘ಜೈನಪೇಟಿ’ ಎನ್ನಿಸಲು ಹೋದರೆ ಬಂದದ್ದು ‘ಮನಿ’.

ಈ ಗಡಿಬಿಡಿಯಲ್ಲಿ ನಾವು ಮರೆತ ಒಂದು ವಿಷಯವನ್ನು ಬ್ಯಾಂಕಿನ ಪಾಸ್‌ಬುಕ್ಕು ನೆನಪಿಸಿತು. ಪಿಂಚಣಿದಾರರು ಪ್ರತಿವರ್ಷ ನವೆಂಬರಿನಲ್ಲಿ ತಾವು ಜೀವಂತವಾಗಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಅಪ್ಪ ಆ ನವೆಂಬರಿನಲ್ಲಿ ಆಸ್ಪತ್ರೆಯಲ್ಲಿದ್ದ, ಪ್ರಮಾಣಪತ್ರ ಹೋಗಿರಲಿಲ್ಲ, ಪಿಂಚಣಿ ನಿಂತಿತ್ತು. ಕೊಟ್ಟರೆ ಬಾಕಿ ಸಮೇತ ಬರುತ್ತದೆ. ಈಗ ಪೋಸ್ಟ್‌ಮನ್ನರೇ ಮನೆಗೆ ಬಂದು ಬೆರಳಚ್ಚು ಪಡೆದು ಅದನ್ನು ಕಳಿಸುವ ವ್ಯವಸ್ಥೆ ಇದೆ. ಹೋಳಿಯ ಮುಂದಿನ ವಾರ ಬಂದವನು 25ರ ಆಸುಪಾಸಿನ ಹುಡುಗ. ಅಪ್ಪ ಇದೇ ಇಲಾಖೆಯಲ್ಲಿ 39 ವರ್ಷ ದುಡಿದವನೆಂದು ಅವ್ವ ಹೇಳಿದ್ದೇ ತಡ ಚಪ್ಪಲಿಯನ್ನು ಇನ್ನಷ್ಟು ದೂರ ಬಿಟ್ಟು ಬಂದು ಕಾಲು ಮುಟ್ಟಿದ. ಬಲಗೈ ಮುಷ್ಟಿಗಟ್ಟಿತ್ತು, ಎಡ ಹೆಬ್ಬೆರಳನ್ನು ಯಂತ್ರದ ಮೇಲೆ ಇಡಿಸಿದ. ಬೆರಳಿನ ಗೆರೆ ಸವೆದಿದ್ದವು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮೂರನೆಯ ಸಲಕ್ಕೆ ಯಂತ್ರ ಒಪ್ಪಿಕೊಂಡಿತು.

ಹುಡುಗ ಫೋನಿನಲ್ಲಿ ಏನೋ ಒತ್ತುತ್ತಾ ನನ್ನ ಕೈಗೆ ಒಂದು ಚೀಟಿ ಕೊಟ್ಟು, ‘ಹೆಸರು, ವಿಳಾಸ, ಮೊಬೈಲ್ ನಂಬರ್ ಬರೀರಿ ಮೇಡಂ’ ಎಂದ. ಬರೆಯುವುದನ್ನು ಬಾಯಲ್ಲಿ ಅಂದುಕೊಳ್ಳುತ್ತಾ ಬರೆಯುವ ಚಟ ನನ್ನದು. ಅಪ್ಪನ ಹೆಸರು, ಮನೆ ನಂಬರು, ಸೆಕ್ಟರು, ನವನಗರ, ಬಾಗಲಕೋಟೆ, 587101.

‘ಮನಿ!’ ಎಂದ ಅಪ್ಪ.

ಏರುವ ರಾಗವಲ್ಲ, ಎಳೆದದ್ದಲ್ಲ, ಉಪ್ಪಿನದ್ದಲ್ಲ. ಚಹಾ ಬೇಕೇ ಎಂದೆ. ಭುಜವೇ? ಬಚ್ಚಲಿಗೆ ಹೋಗಬೇಕೇ? ಪ್ರತಿಯೊಂದಕ್ಕೂ ‘ಮನಿ, ಮನಿ’ ಎಂದು ಇನ್ನಷ್ಟು ಸಿಡುಕಿದ. ಎಡಗೈ ಚಾಚಿ ಚೀಟಿಯನ್ನು ಕಸಿದುಕೊಂಡು ತೊಡೆಯ ಮೇಲಿಟ್ಟುಕೊಂಡ, ಅಂಕಿಗಳ ಮೇಲೆ ತೋರುಬೆರಳನ್ನು ಒಂದೊಂದಾಗಿ ಸರಿಸುತ್ತಾ ಹೋಗಿ ಕೊನೆಯ 1ರ ಮೇಲೆ ಊರಿದ. ತುಟಿ ನಡುಗುತ್ತಿತ್ತು. ‘ಒಂದು’ ಎಂದ. ಅಲ್ಲ ಎಂಬಂತೆ ತಲೆಯಾಡಿಸಿ, ‘ಎರಡು’ ಎಂದ. ಮತ್ತೆ ಉಸಿರು ಎಳೆದುಕೊಂಡು, ಉಗುರಿನಿಂದ ಕಾಗದವನ್ನು ಕುಟ್ಟಿ, ‘ಮೂರು’ ಎಂದು ನಿಲ್ಲಿಸಿದ.

ನಾನು 1ನ್ನು ಹೊಡೆದುಹಾಕಿ 3 ಬರೆದೆ. ಅಪ್ಪ ಚೀಟಿಯನ್ನು ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ನೋಡಿ, ಹುಡುಗನ ಕೈಗೆ ಕೊಟ್ಟ.